ಬೀಗದ ಕೈ ಯಾರದು?

ನಮ್ಮ ಭಾವನವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಅವರು ಕೆಲಸದಲ್ಲಿದ್ದಾಗ ಒಮ್ಮೆ ಅಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನನ್ನನ್ನು ಭಾಷಣಕ್ಕೆಂದು ಕರೆದೊಯ್ದಿದ್ದರು. ಹಾರ ತುರಾಯಿಗಳೆಲ್ಲ ಮುಗಿದು, ಅವರ ಸ್ಕೂಟರಿನ ಹಿಂದೆ ಕುಳಿತು ಹೊರಟರೆ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಭಾವನವರು ಅವನು ಕೇಳುವ ಮುಂಚೆಯೇ ಇಳಿದು, ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿ, ಸ್ಕೂಟರಿನ ಡಿಕ್ಕಿಗೆ ಬೀಗದ ಕೈ ಹಾಕಿ ತೆರೆದರು. ಅದರಲ್ಲಿದ್ದುದು ನನ್ನ ತರಗತಿಯ ಹುಡುಗರ ಉತ್ತರಪತ್ರಿಕೆಗಳ ಕಟ್ಟು. ಕಾವಲಿನವನು ಆ ಕಟ್ಟನ್ನು ಬಿಚ್ಚಿ, ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಅರ್ಧ ಗಂಟೆಯ ಹಿಂದೆ ಕುವೆಂಪು, ಬೇಂದ್ರೆಯವರ ಮಾತೆತ್ತಿ ಚಪ್ಪಾಳೆ ಹೊಡೆಸಿಕೊಂಡಿದ್ದ ನನಗೆ ಮೈ ಉರಿದುಹೋಯಿತು.

ದಾರಿಯಲ್ಲಿ ನಾನು ಗೊಣಗಿದೆ. ಭಾವನವರು ನಕ್ಕರು. “ಇದಕ್ಕೆಲ್ಲ ಕೋಪ ಮಾಡಿಕೊಂಡರೆ ಸಂಸಾರ ನಡೆಯುತ್ತದೇನಯ್ಯ? ಗಾಡಿ ನಮ್ಮದು ನಿಜ. ಆದರೆ ಗಾಡಿ ನಿಂತಿರೋ ನೆಲ ಅವರದಲ್ಲವೆ?” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ನನ್ನ ಮನಸ್ಸಿನಲ್ಲಿ ಮಾತ್ರ ಮುಗಿಯಲಿಲ್ಲ.

ಗಾಡಿ ನಮ್ಮದು, ನೆಲ ಅವರದು. ಈ ನಾಲ್ಕು ಪದಗಳ ಜಗಳವೇ ಬೇರೊಂದು ದೇಶದಲ್ಲಿ ಏಳು ವರ್ಷ ನ್ಯಾಯಾಲಯಗಳನ್ನು ಸುತ್ತಿ, ಶಾಸನಸಭೆಗಳನ್ನು ಕಲಕಿ, ಇಂದಿಗೂ ಪೂರ್ತಿ ತಣ್ಣಗಾಗದೆ ಉಳಿದಿದೆಯೆಂಬುದು ಮುಂದೆ ಓದಿನಿಂದ ನನಗೆ ತಿಳಿಯಿತು. ನಮ್ಮ ಗೇಟಿನಲ್ಲಿ ಹುಡುಕುವುದು ಕಳವಿನ ಮಾಲಿಗಾಗಿ. ಅಲ್ಲಿ ಹುಡುಕಿದ್ದು ಬಂದೂಕಿಗಾಗಿ. ವ್ಯತ್ಯಾಸ ದೊಡ್ಡದೇ, ಆದರೆ ಗೇಟಿನಲ್ಲಿ ನಿಂತವನ ಮುಖ ಒಂದೇ. ಆ ಕಥೆಯನ್ನು ಓದುಗರ ಮುಂದಿಡಬೇಕೆಂದು ಈ ಬರಹ.

ಅಮೆರಿಕದ ಒಕ್ಲಹೋಮಾ ರಾಜ್ಯದ ಆಗ್ನೇಯ ಮೂಲೆಯಲ್ಲಿ ವ್ಯಾಲಿಯಂಟ್ ಎಂಬ ಸಣ್ಣ ಊರಿದೆ. ಸಾವಿರ ಜನವೂ ಇಲ್ಲದ ಊರು. ಸುತ್ತಲೂ ದೇವದಾರುವಿನ ಜಾತಿಯ ಮರಗಳ ಕಾಡು. 1830ರ ದಶಕದಲ್ಲಿ ತಮ್ಮ ಪೂರ್ವಿಕರ ನೆಲದಿಂದ ಎಬ್ಬಿಸಲ್ಪಟ್ಟ ಚಾಕ್ಟಾ ಬುಡಕಟ್ಟಿನವರು ಕಣ್ಣೀರಿಡುತ್ತ ನಡೆದು ಬಂದು ನೆಲೆಸಿದ ಪ್ರಾಂತ ಇದು. ಕಾಡಿದ್ದಲ್ಲಿ ಕಾಗದದ ಕಾರ್ಖಾನೆ ಬರುವುದು ಸಹಜ. 1900ರಲ್ಲಿ ಸ್ಥಾಪನೆಯಾದ ವೇರ್‌ಹೌಸರ್ ಎಂಬ ಹೆಸರಾಂತ ಮರದ ಕಂಪೆನಿ ಅಲ್ಲಿ ರಟ್ಟಿನ ಕಾಗದದ ದೊಡ್ಡ ಗಿರಣಿಯನ್ನು ನಡೆಸುತ್ತಿತ್ತು. ಆ ಸುತ್ತಿನಲ್ಲಿ ಒಳ್ಳೆಯ ಸಂಬಳದ ಕೆಲಸವೆಂದರೆ ಅದೇ.

ಅಂಥ ಊರಿನಲ್ಲಿ ಬಂದೂಕು ಎಂಬುದು ಹುಬ್ಬೇರಿಸುವ ವಸ್ತುವಲ್ಲ. ನಮ್ಮವರಿಗೆ ಇದು ವಿಚಿತ್ರವಾಗಿ ಕಂಡರೆ ಕೊಡಗನ್ನು ನೆನೆಯಬಹುದು. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಕೋವಿ ಕೊಲೆಯ ಸಾಧನವಲ್ಲ. ಅದು ಮನೆತನದ ವಸ್ತು. ಒಕ್ಲಹೋಮಾದ ಕಾಡಂಚಿನಲ್ಲಿ ಕಾರ್ಮಿಕನ ಸಣ್ಣ ಲಾರಿಯ ಸೀಟಿನ ಹಿಂದೆ ಬೇಟೆಯ ರೈಫಲೊಂದು ಮಲಗಿರುವುದು ನಮ್ಮ ರೈತನ ಗಾಡಿಯಲ್ಲಿ ಮಚ್ಚು, ಹಗ್ಗ ಇರುವಷ್ಟೇ ಸಾಮಾನ್ಯ. ಅಕ್ಟೋಬರ್ ಎಂದರೆ ಅಲ್ಲಿ ಜಿಂಕೆಬೇಟೆಯ ಕಾಲ ಕಾಲಿಡುವ ತಿಂಗಳು.

2002ರ ಅಕ್ಟೋಬರ್ ತಿಂಗಳಲ್ಲೇ ಆ ಘಟನೆ ನಡೆಯಿತು. ಕಂಪೆನಿಯವರು ಮೂಸಿ ಪತ್ತೆಹಚ್ಚುವ ನಾಯಿಗಳನ್ನು ಕರೆಸಿ ಕಾರ್ಖಾನೆಯ ವಾಹನ ನಿಲ್ದಾಣದಲ್ಲಿ ಸಾಲುಸಾಲಾಗಿ ನಿಂತಿದ್ದ ಕಾರ್ಮಿಕರ ಗಾಡಿಗಳ ಸುತ್ತ ಓಡಾಡಿಸಿದರು. ಕೆಲವು ಗಾಡಿಗಳಲ್ಲಿ ಬಂದೂಕುಗಳು ಸಿಕ್ಕವು. ಸುಮಾರು ಹನ್ನೆರಡು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಕಂಪೆನಿಯ ಸ್ವಂತ ನೌಕರರೂ ಇದ್ದರು, ಗುತ್ತಿಗೆದಾರರ ಕೈಕೆಳಗಿನವರೂ ಇದ್ದರು. ಅವರಾರೂ ಬಂದೂಕನ್ನು ಯಂತ್ರಗಳ ಬಳಿಗೆ ತಂದಿರಲಿಲ್ಲ. ಅದು ಗಾಡಿಯಲ್ಲಿತ್ತು, ಅಷ್ಟೆ. ಕೆಲಸದ ಜಾಗದಲ್ಲಿ ಆಯುಧ ಕೂಡದೆಂಬ ನಿಯಮ ಗಾಡಿ ನಿಲ್ಲಿಸುವ ಬಯಲಿಗೂ ವಿಸ್ತರಿಸಿದ್ದು ತಮಗೆ ಸರಿಯಾಗಿ ತಿಳಿದಿರಲಿಲ್ಲವೆಂದು ಕಾರ್ಮಿಕರು ವಾದಿಸಿದರು. ನಿಯಮ ನಿಯಮವೆಂದಿತು ಕಂಪೆನಿ.

ಈ ಸುದ್ದಿ ಓದಿದಾಗ ನನ್ನ ಮನಸ್ಸು ಮೊದಲು ಕಂಪೆನಿಯ ಕಡೆಗೇ ವಾಲಿತು. ಕಾಗದ ಮಾಡುವವನಿಗೆ ಬಂದೂಕು ಏಕೆ? ಆದರೆ ಇತಿಹಾಸದ ಪುಟಗಳನ್ನು ಹಿಂದಕ್ಕೆ ಮಗುಚುತ್ತ ಹೋದಂತೆ ವಿಷಯ ಅಷ್ಟು ಸರಳವಲ್ಲವೆಂದು ತೋರತೊಡಗಿತು.

ಅಮೆರಿಕದ ಕೈಗಾರಿಕೆಯ ಇತಿಹಾಸದಲ್ಲಿ ಆಯುಧವೆಂಬುದು ಕಾರ್ಮಿಕನ ಕೈಯಲ್ಲಿ ಮಾತ್ರ ಇದ್ದ ವಸ್ತುವಲ್ಲ. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಎಂಬಲ್ಲಿ ಆಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ, ವ್ಯವಸ್ಥಾಪಕ ಹೆನ್ರಿ ಫ್ರಿಕ್ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಮುನ್ನೂರು ಮಂದಿಯನ್ನು ದೋಣಿಗಳಲ್ಲಿ ನದಿಯ ಮೇಲೆ ತರಿಸಿದ. ಜುಲೈ 6ರಂದು ದಡದಲ್ಲಿ ಗುಂಡಿನ ಕಾಳಗವೇ ನಡೆದು ಎರಡು ಪಕ್ಷಗಳಲ್ಲೂ ಹೆಣಗಳು ಬಿದ್ದವು. ಅಲ್ಲಿಂದ ನಲವತ್ತನಾಲ್ಕು ವರ್ಷ ಮುಂದಕ್ಕೆ ಬನ್ನಿ. 1936ರಲ್ಲಿ ಅಮೆರಿಕದ ಸೆನೆಟ್ ಸಭೆಯು ರಾಬರ್ಟ್ ಲಾ ಫಾಲೆಟ್ ಎಂಬ ಸದಸ್ಯನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದೊಡ್ಡ ದೊಡ್ಡ ಉಕ್ಕಿನ ಕಂಪೆನಿಗಳು ಯೂನಿಯನ್ನುಗಳನ್ನು ಅಡಗಿಸಲು ಬಂದೂಕು, ಅಶ್ರುವಾಯುಗಳನ್ನು ಉಗ್ರಾಣ ತುಂಬ ಕೊಂಡಿಟ್ಟಿದ್ದವೆಂದೂ, ಕಾರ್ಮಿಕರ ನಡುವೆ ಗೂಢಚಾರರನ್ನು ಬಿಟ್ಟಿದ್ದವೆಂದೂ ಆ ಸಮಿತಿ ಬಯಲಿಗೆಳೆಯಿತು. ಆಯುಧಗಳ ಸಂಗ್ರಹ ಅಂದು ಗೇಟಿನ ಒಳಗಡೆಯೇ ಇತ್ತು. ಬೀಗದ ಕೈ ಮಾಲಿಕನ ಕಿಸೆಯಲ್ಲಿತ್ತು.

ಆಯುಧದಂತೆಯೇ ತಪಾಸಣೆಗೂ ಒಂದು ಹಳೆಯ ಚರಿತ್ರೆಯಿದೆ. 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿ ಜಗತ್ತನ್ನೇ ಬೆರಗುಗೊಳಿಸಿದ. ಆ 5 ಡಾಲರಿನ ಬೆನ್ನಿಗೊಂದು ಇಲಾಖೆಯಿತ್ತು. ಅದರ ಅಧಿಕಾರಿಗಳು ಕಾರ್ಮಿಕರ ಮನೆಮನೆಗೆ ಹೋಗಿ, ಇವನು ಕುಡಿಯುತ್ತಾನೆಯೆ, ಹಣ ಉಳಿಸುತ್ತಾನೆಯೆ, ಮನೆ ಚೊಕ್ಕಟವಾಗಿಟ್ಟಿದ್ದಾನೆಯೆ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಒಳ್ಳೆಯ ನಡತೆಯವನಿಗೇ ಪೂರ್ತಿ ಕೂಲಿ. ಇಲ್ಲೊಂದು ಚಮತ್ಕಾರ ನೋಡಿ. ಕಾರ್ಮಿಕನ ಮನೆಯೊಳಕ್ಕೆ ಇಣುಕಿದ ಅದೇ ಫೋರ್ಡ್ ಅವನಿಗೆ ಕೊಳ್ಳಲು ನಿಲುಕುವ ಬೆಲೆಗೆ ಮೋಟಾರು ಗಾಡಿಯನ್ನೂ ಕೊಟ್ಟ. ಆ ಗಾಡಿಯೇ ಅಮೆರಿಕದವನ ಎರಡನೆಯ ಮನೆಯಾಯಿತು. ಊಟ ಅದರಲ್ಲಿ, ನಿದ್ದೆ ಅದರಲ್ಲಿ, ಬೇಟೆಯ ಸಾಮಾನು ಅದರಲ್ಲಿ. ಗಾಡಿ ಬಂದಮೇಲೆ ಕಾರ್ಖಾನೆಯ ಮುಂದೆ ಗಾಡಿ ನಿಲ್ಲಿಸುವ ವಿಶಾಲವಾದ ಬಯಲೂ ಬಂತು. ಅದು ಬೀದಿಯೂ ಅಲ್ಲ, ಕಾರ್ಖಾನೆಯೂ ಅಲ್ಲ, ಹೊಸ್ತಿಲಿನಂಥ ಜಾಗ. ನರಸಿಂಹನು ಹೊಸ್ತಿಲ ಮೇಲೆ ಕುಳಿತು ಒಳಗೂ ಅಲ್ಲ, ಹೊರಗೂ ಅಲ್ಲ ಎಂದು ತೀರ್ಮಾನಿಸಿದಂತೆ ಇಲ್ಲಿ ತೀರ್ಮಾನಿಸುವವರು ಯಾರು?

ಕಾನೂನನ್ನು ಕೇಳೋಣವೆಂದರೆ ಅದರ ಉತ್ತರ ಸಾಮಾನ್ಯನಿಗೆ ದಿಗಿಲು ಹುಟ್ಟಿಸುವಂಥದು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಹೇಳುತ್ತದೆ; ನಾಲ್ಕನೆಯದು ಅನ್ಯಾಯದ ತಪಾಸಣೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಇವೆರಡೂ ಕಟ್ಟುವುದು ಸರ್ಕಾರದ ಕೈಯನ್ನು, ಖಾಸಗಿ ಮಾಲಿಕನದನ್ನಲ್ಲ. ಮೇಲಾಗಿ, ಒಂದು ಮೊಂಟಾನಾ ರಾಜ್ಯವನ್ನು ಬಿಟ್ಟರೆ, ಅಲ್ಲಿ ಮಾಲಿಕನು ನೌಕರನನ್ನು ಕಾರಣ ಹೇಳದೆಯೇ ತೆಗೆದುಹಾಕಬಹುದೆಂಬುದೇ ಸಾಮಾನ್ಯ ನಿಯಮ. ಹೀಗಾಗಿ ಪೊಲೀಸಿನವನಿಗೆ ತೆರೆಯಬೇಕಾಗಿಲ್ಲದ ಬಾಗಿಲನ್ನು ಮೇಸ್ತ್ರಿಗೆ ತೆರೆಯಬೇಕಾಗಬಹುದು. “ಇಷ್ಟವಿಲ್ಲದಿದ್ದರೆ ತೆರೆಯಬೇಡ, ನಾಳೆಯಿಂದ ಬರಬೇಡ” ಎಂದರೆ ಮುಗಿಯಿತು. ಇಂಥ ಒಪ್ಪಿಗೆಗೆ ಒಪ್ಪಿಗೆಯೆಂಬ ಹೆಸರು ಸಲ್ಲುತ್ತದೆಯೆ ಎಂಬುದನ್ನು ಓದುಗರೇ ಯೋಚಿಸಲಿ.

ನ್ಯಾಯಾಲಯಗಳು ಸಂಪೂರ್ಣ ಕುರುಡಾಗಿದ್ದವೆಂದಲ್ಲ. ಟೆಕ್ಸಾಸಿನ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಪೆಟ್ಟಿಗೆಯನ್ನೂ ಅದರೊಳಗಿನ ಕೈಚೀಲವನ್ನೂ ಅಧಿಕಾರಿಗಳು ಶೋಧಿಸಿದ ಮೊಕದ್ದಮೆಯಲ್ಲಿ 1984ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಂದು ಸೂಕ್ಷ್ಮವನ್ನು ಗುರುತಿಸಿತು. ಪೆಟ್ಟಿಗೆ ಅಂಗಡಿಯದೇ ಇರಬಹುದು. ಆದರೆ ಅದಕ್ಕೆ ಹಾಕಿದ್ದ ಬೀಗ ಅವಳು ಸ್ವಂತ ಹಣದಲ್ಲಿ ಕೊಂಡದ್ದು, ಅಂಗಡಿಯವರ ಒಪ್ಪಿಗೆಯಿಂದಲೇ ಹಾಕಿದ್ದು. ಬೀಗ ತನ್ನದೆಂದಮೇಲೆ ಒಳಗಿನದು ಗುಟ್ಟಾಗಿರುತ್ತದೆಂದು ನಂಬಲು ಅವಳಿಗೆ ಹಕ್ಕಿತ್ತು. ಬಾಡಿಗೆಯ ಪೆಟ್ಟಿಗೆಗೇ ಇಷ್ಟು ಮರ್ಯಾದೆ ಸಲ್ಲುವುದಾದರೆ ಸ್ವಂತ ಗಾಡಿಗೆ ಎಷ್ಟು ಸಲ್ಲಬೇಡ?

ಆದರೆ ಮಾಲಿಕನ ಪಕ್ಷದಲ್ಲೂ ಒಂದು ಕಣ್ಣೀರಿನ ಕಥೆಯಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 1986ರ ಆಗಸ್ಟ್ 20ರಂದು ಇದೇ ಒಕ್ಲಹೋಮಾ ರಾಜ್ಯದ ಎಡ್ಮಂಡ್ ಎಂಬ ಊರಿನ ಅಂಚೆ ಕಚೇರಿಗೆ ಅಲ್ಲಿನದೇ ಒಬ್ಬ ಅಂಚೆಯವನು ಟಪಾಲಿನ ಚೀಲದಲ್ಲಿ ಪಿಸ್ತೂಲುಗಳನ್ನಿಟ್ಟುಕೊಂಡು ಬಂದು 14 ಮಂದಿ ಸಹೋದ್ಯೋಗಿಗಳನ್ನು ಕೊಂದು ತಾನೂ ಸತ್ತ. ಆ ಬಳಿಕವೂ ಅಲ್ಲಲ್ಲಿ ಇಂಥವು ನಡೆದವು. 1990ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಕೆಲಸದ ಜಾಗದಲ್ಲಿ ಕೊಲೆಯಾದವರ ಸಂಖ್ಯೆ ವರ್ಷಕ್ಕೆ ಸಾವಿರವನ್ನು ದಾಟಿತ್ತು. ಅವರಲ್ಲಿ ಹೆಚ್ಚಿನವರು ದರೋಡೆಗಾರರ ಕೈಗೆ ಸಿಕ್ಕವರೇ ಹೊರತು ಸಹೋದ್ಯೋಗಿಗಳ ಕೈಗಲ್ಲ. ಆದರೂ ಮನುಷ್ಯನ ಮನಸ್ಸು ಲೆಕ್ಕಕ್ಕಿಂತ ಕಥೆಯನ್ನು ಹೆಚ್ಚು ನಂಬುತ್ತದೆ. ಕಂಪೆನಿಗಳು ಒಂದರ ಹಿಂದೊಂದು ಆಯುಧ ನಿಷೇಧದ ನಿಯಮಗಳನ್ನು ಬಿಗಿಮಾಡಿದವು. ಯೂಟಾ ರಾಜ್ಯದ ಆಗ್ಡನ್ ನಗರದಲ್ಲಿ 2000ದ ಸೆಪ್ಟೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಕಂಪೆನಿಯ ಮೂವರು ನೌಕರರು ಕೆಲಸದ ವೇಳೆ ಮುಗಿದ ಮೇಲೆ, ಗುರಿಯ ಅಭ್ಯಾಸಕ್ಕೆ ಹೊರಟವರು, ಗಾಡಿ ನಿಲ್ದಾಣದಲ್ಲಿ ಬಂದೂಕುಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಸಾಗಿಸಿದರು. ಕಾವಲಿನ ಕ್ಯಾಮೆರಾ ಅದನ್ನು ಕಂಡಿತು. ಮೂವರೂ ಕೆಲಸ ಕಳೆದುಕೊಂಡರು. 2004ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಂಪೆನಿಯ ಪರವಾಗಿಯೇ ತೀರ್ಪಿತ್ತಿತು.

ವ್ಯಾಲಿಯಂಟಿನ ಕಾರ್ಮಿಕರಿಗೂ ನ್ಯಾಯಾಲಯದಲ್ಲಿ ಅದೇ ಗತಿಯಾಯಿತು. ಅವರು ಹೂಡಿದ ಮೊಕದ್ದಮೆ ಮೇಲ್ಮನವಿಗೆ ಹೋಗಿ 2006ರಲ್ಲಿ ಕಂಪೆನಿಯ ಪರವಾಗಿ ಮುಗಿಯಿತು. ಆದರೆ ಅಷ್ಟರಲ್ಲಿ ಜಗಳ ಬೇರೊಂದು ಅಂಗಳಕ್ಕೆ ದಾಟಿತ್ತು. ವ್ಯಾಲಿಯಂಟಿನ ಶಾಸಕ ಜೆರ್ರಿ ಎಲಿಸ್ ಈ ದೂರನ್ನು ಶಾಸನಸಭೆಗೆ ಒಯ್ದರು. ಬೀಗ ಹಾಕಿದ ಗಾಡಿಯಲ್ಲಿ ಬಂದೂಕಿಡುವುದನ್ನು ಯಾವ ಮಾಲಿಕನೂ ನಿಷೇಧಿಸಕೂಡದು. ಘೋರಾಪರಾಧಕ್ಕೆ ಶಿಕ್ಷೆಯಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ ಎಂಬರ್ಥದ ಶಾಸನ 2004ರಲ್ಲಿ ಭಾರಿ ಬಹುಮತದಿಂದ ಅಂಗೀಕಾರವಾಯಿತು. ರಾಜ್ಯಪಾಲ ಬ್ರಾಡ್ ಹೆನ್ರಿ ಅಂಕಿತ ಹಾಕಿದರು.

ಮಾಲಿಕರು ಸುಮ್ಮನಿರಲಿಲ್ಲ. ವರ್ಲ್‌ಪೂಲ್ ಕಂಪೆನಿ ಮೊದಲು ನ್ಯಾಯಾಲಯಕ್ಕೆ ಹೋಗಿ ಆಮೇಲೆ ಹಿಂದೆ ಸರಿಯಿತು. ಕೊನೊಕೊ ಫಿಲಿಪ್ಸ್ ಎಂಬ ಎಣ್ಣೆಯ ಕಂಪೆನಿ ಹೋರಾಟವನ್ನು ಮುಂದುವರಿಸಿತು. 2005ರಲ್ಲಿ ಬಂದೂಕು ಹಕ್ಕಿನ ಪ್ರಬಲ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆ ಕಂಪೆನಿಯ ಪೆಟ್ರೋಲನ್ನು ಬಹಿಷ್ಕರಿಸಲು ಕರೆ ಕೊಟ್ಟಿತು. ಸಾಮಾನ್ಯವಾಗಿ ಮಾಲಿಕರ ಆಸ್ತಿಹಕ್ಕಿನ ಬೆನ್ನಿಗೆ ನಿಲ್ಲುತ್ತಿದ್ದ ಸಂಪ್ರದಾಯವಾದಿಗಳು ಈಗ ಇಬ್ಭಾಗವಾದರು. ಒಬ್ಬರಿಗೆ ನೆಲದ ಹಕ್ಕು ಪವಿತ್ರ, ಇನ್ನೊಬ್ಬರಿಗೆ ಬಂದೂಕಿನ ಹಕ್ಕು ಪವಿತ್ರ. ಎರಡು ಪವಿತ್ರಗಳು ಎದುರಾದಾಗ ಆಗುವ ಜಗಳದಷ್ಟು ಕಠಿಣವಾದದ್ದು ಬೇರೊಂದಿಲ್ಲ.

2007ರ ಅಕ್ಟೋಬರಿನಲ್ಲಿ ಫೆಡರಲ್ ನ್ಯಾಯಾಧೀಶ ಟೆರೆನ್ಸ್ ಕರ್ನ್ ಮಾಲಿಕರ ಪರವಾಗಿ ತೀರ್ಪು ಕೊಟ್ಟರು. ಕೆಲಸಗಾರರಿಗೆ ಅಪಾಯವಿಲ್ಲದ ಜಾಗ ಒದಗಿಸುವುದು ಮಾಲಿಕನ ಕರ್ತವ್ಯವೆಂದು 1970ರ ಕೇಂದ್ರ ಶಾಸನ ಹೇಳುತ್ತದೆ. ಗಾಡಿಯಲ್ಲಿರುವ ಬಂದೂಕು ಆ ಕರ್ತವ್ಯಕ್ಕೆ ಅಡ್ಡ. ಆದ್ದರಿಂದ ರಾಜ್ಯದ ಶಾಸನ ನಿಲ್ಲದು ಎಂಬುದು ಅವರ ತರ್ಕ. 2009ರ ಫೆಬ್ರವರಿಯಲ್ಲಿ ಡೆನ್ವರಿನ ಮೇಲ್ಮನವಿ ನ್ಯಾಯಾಲಯ ಇದನ್ನು ತಿರುಗಿಸಿತು. ಕೇಂದ್ರದ ಸುರಕ್ಷತಾ ಇಲಾಖೆ ಬಂದೂಕಿನ ಬಗ್ಗೆ ಯಾವ ನಿಯಮವನ್ನೂ ಮಾಡಿಲ್ಲ. ಇಂಥ ವಿಷಯವನ್ನು ಆಯಾ ರಾಜ್ಯವೇ ನಿರ್ಧರಿಸಬೇಕು ಎಂದಿತು. ಶಾಸನ ಉಳಿಯಿತು. ಈ ಬಗೆಯ ಶಾಸನಗಳು ಇಂದು ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿವೆ. ಫ್ಲಾರಿಡಾದ 2008ರ ಶಾಸನವಂತೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಡಿಯಲ್ಲಿ ಬಂದೂಕಿದೆಯೆ ಎಂದು ನೌಕರನನ್ನು ಕೇಳುವಂತೆಯೂ ಇಲ್ಲ, ಹುಡುಕುವಂತೆಯೂ ಇಲ್ಲ ಎಂದು ಮಾಲಿಕನಿಗೆ ಕಟ್ಟಳೆ ಹಾಕಿತು. ಇನ್ನು ವ್ಯಾಲಿಯಂಟಿನ ಗಿರಣಿ 2008ರಲ್ಲಿ ಇಂಟರ್‌ನ್ಯಾಷನಲ್ ಪೇಪರ್ ಕಂಪೆನಿಯ ಪಾಲಾಯಿತು.

ಕಾರ್ಮಿಕ ಗೆದ್ದನೆಂದು ಇಲ್ಲಿಗೆ ಕಥೆ ಮುಗಿಸಬಹುದಾಗಿತ್ತು. ನನ್ನ ಕೈ ತಡೆಯುತ್ತದೆ. ಏಕೆಂದರೆ ಒಕ್ಲಹೋಮಾದಲ್ಲಿ ಈ ವಾದ ಇನ್ನೂ ಮೊಳೆಯುತ್ತಿದ್ದ 2003ರ ಜುಲೈ 8ರಂದು ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ನಿನಲ್ಲಿ, ಲಾಕ್‌ಹೀಡ್ ಮಾರ್ಟಿನ್ ವಿಮಾನಭಾಗಗಳ ಕಾರ್ಖಾನೆಯಲ್ಲಿ, ನೌಕರರಿಗಾಗಿ ಏರ್ಪಡಿಸಿದ್ದ ಸಭೆಯಿಂದ ಒಬ್ಬ ಎದ್ದುಹೋದ. ಹೊರಗೆ ನಿಂತಿದ್ದ ತನ್ನ ಗಾಡಿಯಿಂದ ಬಂದೂಕುಗಳನ್ನು ತಂದು 6 ಮಂದಿಯನ್ನು ಕೊಂದು, 8 ಮಂದಿಯನ್ನು ಗಾಯಗೊಳಿಸಿ, ತಾನೂ ಗುಂಡಿಟ್ಟುಕೊಂಡ. ಕೋಪಕ್ಕೂ ಕೊಲೆಗೂ ನಡುವೆ ಇದ್ದದ್ದು ಬಾಗಿಲಿನಿಂದ ಗಾಡಿಗಿರುವಷ್ಟು ದೂರ. ಆ ಗಾಡಿಯನ್ನು ಅಂದು ಬೆಳಿಗ್ಗೆ ಯಾರಾದರೂ ತೆರೆಸಿ ನೋಡಿದ್ದರೆ, ಎಂದು ಸತ್ತವರ ಮನೆಯವರು ಎಷ್ಟು ರಾತ್ರಿ ಯೋಚಿಸಿರಬೇಡ! ಉತ್ತರ ಕ್ಯಾರೊಲಿನಾದ ಕಾರ್ಖಾನೆ, ಅಂಗಡಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೆ. ಬಂದೂಕಿಗೆ ಅನುಮತಿಯಿದ್ದ ಕೆಲಸದ ಜಾಗಗಳಲ್ಲಿ ಕೊಲೆಯ ಸಂಭವ ನಿಷೇಧವಿದ್ದ ಜಾಗಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಅದು ಹೇಳಿತು. ಅಂದರೆ ತಪಾಸಣೆಯ ಪರವಾಗಿ ಮಾತನಾಡುವವರೆಲ್ಲ ಕಾರ್ಮಿಕನ ಶತ್ರುಗಳಲ್ಲ. ಮೆರಿಡಿಯನ್ನಿನಲ್ಲಿ ಸತ್ತವರೂ ಕಾರ್ಮಿಕರೇ.

ಹಾಗಾದರೆ ಯಾರದು ಸರಿ? ನಾನು ಕನ್ನಡ ಪಾಠ ಹೇಳುವವನು, ನ್ಯಾಯಶಾಸ್ತ್ರಜ್ಞನಲ್ಲ. ಆದರೂ ಇಷ್ಟು ಕಾಲ ಈ ಕಥೆಯನ್ನು ಮನಸ್ಸಿನಲ್ಲಿ ಮಗುಚಿ ಹಾಕಿದ ಮೇಲೆ ನನಗೊಂದು ಮಾತು ತೋರುತ್ತದೆ. ಬಂದೂಕು ಇರಬೇಕೆ, ಬೇಡವೆ ಎಂಬುದು ಒಂದು ಪ್ರಶ್ನೆ. ಅದಿಲ್ಲವೆಂದು ಖಚಿತ ಮಾಡಿಕೊಳ್ಳುವ ಬಗೆ ಯಾವುದು ಎಂಬುದು ಇನ್ನೊಂದು. ಅಮೆರಿಕದ ಶಾಸನಸಭೆಗಳು ಮೊದಲನೆಯದರ ಸುತ್ತಲೇ ಗದ್ದಲ ಮಾಡಿದವು. ವ್ಯಾಲಿಯಂಟಿನ ಹನ್ನೆರಡು ಮನೆಗಳ ಒಲೆಯನ್ನು ಆರಿಸಿದ್ದು ಮುಖ್ಯವಾಗಿ ಎರಡನೆಯದು. ನಿಯಮವನ್ನು ಮೊದಲೇ ಗೇಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹಾಕಬಹುದಿತ್ತು. ಸಿಕ್ಕವರಿಗೆ ಮನೆಗೆ ಹೋಗಿ ಇಟ್ಟು ಬಾ ಎಂದು ಒಮ್ಮೆ ಎಚ್ಚರಿಕೆ ಕೊಡಬಹುದಿತ್ತು. ಕೇಳಿ ತಿಳಿಯಬಹುದಾದದ್ದನ್ನು ನಾಯಿಯಿಂದ ಮೂಸಿಸಿ ತಿಳಿದರೆ, ಆಮೇಲೆ ಎಷ್ಟು ಸುರಕ್ಷತೆಯ ಮಾತಾಡಿದರೂ ನೌಕರನಿಗೆ ಅದು ಬೇಟೆಯಾಗಿಯೇ ಕಾಣುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು. ಆ ಕಾರ್ಮಿಕರಿಗೆ ಕೊನೆಗೆ ಶಾಸನದ ಆಸರೆ ದೊರೆತದ್ದು ಅವರ ಗಾಡಿಯಲ್ಲಿದ್ದದ್ದು ಬಂದೂಕಾದ್ದರಿಂದ. ಬಂದೂಕಿಗೆ ಅಲ್ಲಿ ದೊಡ್ಡ ಸಂಘವಿದೆ, ವಕೀಲರಿದ್ದಾರೆ, ಓಟುಗಳಿವೆ. ಗಾಡಿಯಲ್ಲಿ ಸಿಕ್ಕಿದ್ದು ಒಂದು ಯೂನಿಯನ್ನಿನ ಕರಪತ್ರವೋ, ಒಂದು ಕಾಯಿಲೆಯ ಔಷಧಿಯ ಸೀಸೆಯೋ ಆಗಿದ್ದರೆ ಅವರಿಗಾಗಿ ಯಾರು ಪೆಟ್ರೋಲು ಬಹಿಷ್ಕರಿಸುತ್ತಿದ್ದರು? ಗಾಡಿಯೊಳಗಿನ ವಸ್ತುವಿಗೆ ರಕ್ಷಣೆ ಸಿಕ್ಕಿತು. ಗಾಡಿಯ ಒಡೆಯನ ಮಾನಕ್ಕೆ ಸಿಕ್ಕಿತೆಂದು ಹೇಳಲಾರೆ.

ಈ ಬರಹವನ್ನು ಮುಗಿಸುವ ಮುನ್ನ ಭಾವನವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಬಂದೂಕಿನ ಮಾತು ಅವರಿಗೆ ಅಷ್ಟಾಗಿ ತಟ್ಟಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನನ್ನ ಡಿಕ್ಕೀನ ಅವರು ಮೂವತ್ತು ವರ್ಷ ದಿನಾ ನೋಡಿದರು ಕಣಯ್ಯ. ಒಂದು ದಿನವೂ ಏನೂ ಸಿಗಲಿಲ್ಲ. ಆದರೂ ಮರುದಿನ ಹೊಸದಾಗಿ ಹುಡುಕೋರು. ಅಷ್ಟು ವರ್ಷ ಏನೂ ಸಿಗದೆ ಇದ್ದದ್ದನ್ನ ಯಾರೂ ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ, ನೋಡು” ಎಂದರು.

ಅವರು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವರಂತೆ ಹೇಳಿದರು. ಸ್ಕೂಟರಿನ ಬೀಗದ ಕೈ ಈಗಲೂ ಅವರ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ.